ಇನ್ನೂ ಏಳದ ಗೋಡೆಗೆ ಹಾಕಿದ ಪಾಯ

ಕಳೆದ ಜುಲೈನಲ್ಲಿ ಇಂಟರ್ನ್‌ಶಿಪ್‌ಗೆಂದು ನಮ್ಮ ಪಶ್ಚಿಮ ಬೆಂಗಳೂರಿನ ಒಂದು ಸಣ್ಣ ಪ್ಲೇಟಿಂಗ್ ಕಾರ್ಖಾನೆಗೆ ಹೋಗುತ್ತಿದ್ದೆ. ವಿಜಯನಗರದಿಂದ ಎರಡು ಬಸ್ಸು. ಸಿವಿಲ್ ಓದುವವಳು ಅಂತ ನನ್ನನ್ನು ಇಟಿಪಿಗೆ, ಅಂದರೆ ಕೊಳೆನೀರು ಶುದ್ಧ ಮಾಡುವ ಘಟಕಕ್ಕೆ ಹಾಕಿದರು. ಮೂರನೇ ದಿನ ಸೂಪರ್‌ವೈಸರ್ ಒಂದು ರಿಜಿಸ್ಟರ್ ಕೈಗಿಟ್ಟು, ತಿಂಗಳದ್ದು ಪೂರ್ತಿ ತುಂಬಿಸಿಬಿಡು, ತಪಾಸಣೆಗೆ ಬಂದರೆ ತೋರಿಸಬೇಕು ಎಂದರು. ಹಳೆಯ ಪುಟಗಳಲ್ಲಿ ಪಿಎಚ್ 7.2, 7.4, 7.1 ಎಂದು ಒಂದೇ ಕೈಬರಹ. ಪಿಎಚ್ ಮೀಟರ್ ಬೀರುವಿನಲ್ಲಿತ್ತು, ಅದರ ಬ್ಯಾಟರಿ ಸೋರಿ ತುಕ್ಕು ಹಿಡಿದಿತ್ತು. ನಾನೂ ಬರೆದೆ. ಹದಿನಾರು ಸಾಲು. ಇನ್ನೂ ಬಾರದ ದಿನಗಳ ನೀರಿಗೂ ಅಂಕಿ ಹಾಕಿದ್ದೆ. ಅಷ್ಟರಲ್ಲಿ ಟೀ ಬಂತು, ತಲೆ ಎತ್ತಿದೆ. ಗೋಡೆಯ ಮೇಲೆ ಪೇಟ ತೊಟ್ಟ ವಿಶ್ವೇಶ್ವರಯ್ಯನವರ ಫೋಟೊ ಇತ್ತು. ಅದಕ್ಕೆ ಹಾಕಿದ್ದ ಹಾರ ಎಂದೋ ಒಣಗಿತ್ತು.

ಅವರ ಬಗ್ಗೆ ನನಗೆ ಗೊತ್ತಿಲ್ಲದ್ದೇನಿದೆ ಅಂದುಕೊಂಡಿದ್ದೆ. ಹೈಸ್ಕೂಲಿನಲ್ಲಿ ಭಾಷಣ ಮಾಡಿ ಸ್ಟೀಲ್ ಲೋಟ ಗೆದ್ದಿದ್ದೇನೆ. ನಮ್ಮ ವಿಶ್ವವಿದ್ಯಾಲಯಕ್ಕೇ ಅವರ ಹೆಸರು. ಆದರೂ ಆ ಶನಿವಾರ ಹಂಪಿನಗರದ ಗ್ರಂಥಾಲಯಕ್ಕೆ ಹೋಗಿ ಅವರ ಜೀವನಚರಿತ್ರೆಯನ್ನು ಮೊದಲ ಬಾರಿ ಬಹುಮಾನದ ಆಸೆಯಿಲ್ಲದೆ ಓದಿದೆ.

1861ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು, ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿಎ ಮುಗಿಸಿದರು. ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್‌ನಲ್ಲಿ ಮೊದಲಿಗರಾದರು. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಅವರಿಗೆ ಸಿಕ್ಕ ದೊಡ್ಡ ಕೆಲಸಗಳಲ್ಲಿ ಸಿಂಧ್ ಪ್ರಾಂತ್ಯದ ಸುಕ್ಕೂರಿನದೂ ಒಂದು. ಊರಿಗೆ ಸಿಂಧೂ ನದಿಯ ಕೆಸರು ನೀರೇ ಗತಿ. ಶೋಧಿಸುವ ಘಟಕ ಕಟ್ಟಲು ಪುರಸಭೆಯಲ್ಲಿ ಹಣವಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಜಿನುಗಿ ಬರುವಾಗ ನೀರು ತಾನೇ ತಿಳಿಯಾಗುತ್ತಿತ್ತು. ದುಡ್ಡಿಲ್ಲ ಎನ್ನುವುದು ಕೊಳೆನೀರಿಗೆ ನೆಪವಾಗಬಾರದು ಎಂದು ನನಗೆ ಅನ್ನಿಸಿದ್ದು ಆ ಪುಟದಲ್ಲಿ. ನಮ್ಮ ಕಾರ್ಖಾನೆಯಲ್ಲಿ ಒಂದು ಬ್ಯಾಟರಿಗೂ ದುಡ್ಡಿರಲಿಲ್ಲ.

1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರ ಸ್ವಯಂಚಾಲಿತ ಗೇಟುಗಳು ಬಂದವು. ಪ್ರವಾಹದ ನೀರು ಮಿತಿ ಮೀರಿದರೆ ತಾವೇ ತೆರೆದುಕೊಂಡು, ಇಳಿದರೆ ತಾವೇ ಮುಚ್ಚಿಕೊಳ್ಳುವಂಥವು. ಅಣೆಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಅದಕ್ಕೆ ಪೇಟೆಂಟ್ ಪಡೆದರೂ, ಸರ್ಕಾರದ ಕೆಲಸದಲ್ಲಿದ್ದಾಗ ಮಾಡಿದ್ದು ಎಂದು ಸರ್ಕಾರದಿಂದ ಗೌರವಧನ ತೆಗೆದುಕೊಳ್ಳಲಿಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಾಗ ನಿಜಾಮರ ಸರ್ಕಾರ ಇವರನ್ನು ಕರೆಸಿತು. ಊರಿನ ಮೇಲ್ಗಡೆ ಎರಡು ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ತಡೆಯಬೇಕೆಂದು ಇವರು ಸಲಹೆ ಕೊಟ್ಟರು. ಒಳಚರಂಡಿ ಯೋಜನೆಯನ್ನೂ ಮಾಡಿಕೊಟ್ಟರು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಗಟ್ಟೆ ಶುರುವಾಯಿತು. ಸಿಮೆಂಟಿಲ್ಲ, ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆ. ಇದೆಲ್ಲ ನನ್ನ ಭಾಷಣದಲ್ಲೂ ಇತ್ತು. ಇರದಿದ್ದದ್ದು ಪಾಯದ ವಿಷಯ. ಅವರ ಯೋಜನೆಯ ಎತ್ತರ 124 ಅಡಿ. ಮದ್ರಾಸಿನ ತಕರಾರಿನಿಂದಾಗಿ ಒಪ್ಪಿಗೆ ಸಿಕ್ಕಿದ್ದು 80 ಅಡಿಗೆ ಮಾತ್ರ. ಆದರೂ ಅವರು ಪೂರ್ತಿ ಎತ್ತರದ ಗೋಡೆಯನ್ನು ಹೊರುವಷ್ಟು ಅಗಲದ ಪಾಯವನ್ನೇ ಹಾಕಿಸಿದರು. ಎರಡು ಸರ್ಕಾರಗಳ ನಡುವೆ ಒಪ್ಪಂದ ಆದದ್ದು 1924ರಲ್ಲಿ. ಆ ಹೊತ್ತಿಗೆ ಅವರು ಅಧಿಕಾರ ಬಿಟ್ಟು ಆರು ವರ್ಷ ಕಳೆದಿತ್ತು. ಆಮೇಲೆ ಬಂದವರು ಅದೇ ಪಾಯದ ಮೇಲೆ ಕಟ್ಟಿದರು. ಕ್ಲಾಸಿನಲ್ಲಿ ಸುಸ್ಥಿರತೆ ಎಂಬ ವಿಷಯಕ್ಕೆ ನಮಗೆ ಮೂರು ಕ್ರೆಡಿಟ್. ಈ ಪಾಯದ ಹೆಸರನ್ನು ಅಲ್ಲಿ ಯಾರೂ ಎತ್ತಿಲ್ಲ.

ಹಾಗಂತ ಅವರನ್ನು ದೇವರ ಮನೆಯಲ್ಲಿ ಕೂರಿಸಲು ನನ್ನಿಂದಾಗದು. ಆ ನೀರಿನಡಿ ಹಳೆಯ ಕನ್ನಂಬಾಡಿಯೂ ಮತ್ತಷ್ಟು ಊರುಗಳೂ ಮುಳುಗಿದವು. 1912ರಿಂದ ಆರು ವರ್ಷ ದಿವಾನರಾಗಿ ಬ್ಯಾಂಕು, ವಿಶ್ವವಿದ್ಯಾಲಯ, ಸಾಹಿತ್ಯ ಪರಿಷತ್ತು, ಎಂಜಿನಿಯರಿಂಗ್ ಕಾಲೇಜು ಎಲ್ಲವನ್ನೂ ತಂದವರು, ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಪ್ರಶ್ನೆ ಬಂದಾಗ ಮಹಾರಾಜರೊಂದಿಗೆ ಒಪ್ಪದೆ ಹುದ್ದೆ ಬಿಟ್ಟರು. ಆ ವಿಷಯದಲ್ಲಿ ನಾನು ನಾಲ್ವಡಿಯವರ ಕಡೆ. ನನಗೆ ಸೀಟು ಸಿಕ್ಕಿದ್ದೇ 2ಎನಲ್ಲಿ.

ನನ್ನನ್ನು ತುಂಬ ಕಾಡಿದ್ದು ಭದ್ರಾವತಿ. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಹತ್ತಿರದಲ್ಲೆಲ್ಲೂ ಕಲ್ಲಿದ್ದಲಿರಲಿಲ್ಲ. ಹಾಗಾಗಿ ಮಲೆನಾಡಿನ ಮರ ಕಡಿದು, ಇದ್ದಿಲು ಮಾಡಿ, ಅದರಲ್ಲೇ ಕಬ್ಬಿಣ ಕರಗಿಸುವ ಕಾರ್ಖಾನೆ. 1923ರಲ್ಲಿ ಉತ್ಪಾದನೆ ಆರಂಭವಾದಾಗ ನಷ್ಟದ ಮೇಲೆ ನಷ್ಟ. ಆಗ ಅಧ್ಯಕ್ಷರಾಗಿ ಬಂದವರು ವಿಶ್ವೇಶ್ವರಯ್ಯ. 1929ರವರೆಗೆ ಅಲ್ಲಿ ಪೈಸೆ ಪೈಸೆಗೂ ಲೆಕ್ಕ ಕೇಳಿದರು. ಇದ್ದಿಲು ಸುಡುವಾಗ ಏಳುವ ಹೊಗೆಯನ್ನೂ ಸುಮ್ಮನೆ ಗಾಳಿಗೆ ಬಿಡದೆ, ಅದರಿಂದ ಮದ್ಯಸಾರ, ಡಾಂಬರು ತೆಗೆಯುವ ಘಟಕ ಅಲ್ಲಿತ್ತು. ಕಸವೂ ಕಾಸು ಎಂದು ನಾವು ಇವತ್ತು ಪಿಪಿಟಿಯಲ್ಲಿ ತೋರಿಸುವುದು ಅಲ್ಲಿ ನೂರು ವರ್ಷದ ಹಿಂದೆಯೇ ನಡೆದಿತ್ತು. ಆದರೆ ಕಡಿದ ಕಾಡು ಯಾವ ಖಾತೆಗೆ ಹೋಯಿತು? ಕೂಲಿ, ಸಾಗಣೆ, ಇದ್ದಿಲು ಎಲ್ಲದಕ್ಕೂ ಬೆಲೆ ಕಟ್ಟಿದರು. ಒಂದು ಮತ್ತಿ ಮರ ಬೆಳೆಯಲು ಹಿಡಿದ ಎಂಬತ್ತು ವರ್ಷಕ್ಕೆ ಕಟ್ಟಲಿಲ್ಲ. ಜೋಗದ ಕರೆಂಟಿನಿಂದ ವಿದ್ಯುತ್ ಕುಲುಮೆ ಉರಿಯುವಷ್ಟರಲ್ಲಿ ಬಹಳ ಕಾಡು ಬೂದಿಯಾಗಿತ್ತು. ಕನ್ನಂಬಾಡಿಯಲ್ಲಿ ಮುಂದಿನವರಿಗೆ ಪಾಯ ಹಾಕಿದವರೂ ಭದ್ರಾವತಿಯಲ್ಲಿ ಮುಂದಿನವರ ಕಾಡು ಸುಟ್ಟವರೂ ಒಬ್ಬರೇ. ಇದನ್ನು ಬರೆಯುವಾಗ ಕೈ ಸ್ವಲ್ಪ ಹಿಂದೆ ಸರಿಯುತ್ತದೆ. ಆದರೆ ಲೆಕ್ಕ ಕೇಳುವುದನ್ನು ಕಲಿಸಿದವರೂ ಅವರೇ.

ಅವರ ಕಾಲಕ್ಕೆ ಹಾಗೆ ಕೇಳುವ ಕಾನೂನಿರಲಿಲ್ಲ. ನಮಗೆ 1974ರ ಜಲ ಕಾಯ್ದೆ ಇದೆ. ದೊಡ್ಡ ಕಂಪನಿಗಳು ಲಾಭದ ಎರಡು ಪರ್ಸೆಂಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಉಳಿದ ತೊಂಬತ್ತೆಂಟು ಹೇಗೆ ಬಂತು ಎನ್ನುವುದಕ್ಕೇ ರಿಜಿಸ್ಟರ್ ಇರುವುದು.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲಿನಲ್ಲಿ ನೂರು ದಾಟಿ ತೀರಿಕೊಂಡರು. ಬೆಂಗಳೂರಿಗೆ ನೀರು ಕೊಡಲೆಂದು ಅವರ ಸಲಹೆಯಂತೆ ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ನಮ್ಮ ಮಾಗಡಿ ರಸ್ತೆಯ ಕಡೆಯೇ ಇದೆ. ಅರ್ಕಾವತಿ ಬತ್ತುತ್ತ, ಇದ್ದ ನೀರೂ ಕೆಡುತ್ತ ಬಂದು, ಅಲ್ಲಿಂದ ಕುಡಿಯುವ ನೀರು ತರುವುದು ಹಲವು ವರ್ಷ ನಿಂತೇಹೋಗಿತ್ತು. ಈಗ ನಮ್ಮ ನಲ್ಲಿಗೆ ನೂರು ಕಿಲೋಮೀಟರ್ ದೂರದಿಂದ ಕಾವೇರಿ ಬರುತ್ತಾಳೆ. ಬಳಸಿ ಬಿಟ್ಟದ್ದು ವೃಷಭಾವತಿಗೆ ಸೇರಿ, ಕೆಂಗೇರಿ ದಾಟಿ, ಬೈರಮಂಗಲ ಕೆರೆ ತುಂಬಿ, ಅರ್ಕಾವತಿಯ ಜೊತೆ ಸಂಗಮದಲ್ಲಿ ಮತ್ತೆ ಕಾವೇರಿಗೇ ಬೀಳುತ್ತದೆ. ಅಜ್ಜಿ ಮದುವೆಯಾಗಿ ಕೆಂಗೇರಿಗೆ ಬಂದಾಗ ಆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಈಗ ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಮುಚ್ಚು ಅನ್ನುತ್ತಾರೆ. ನಾನಿದ್ದ ಕಾರ್ಖಾನೆಯ ಹಿಂದಿನ ರಾಜಕಾಲುವೆ ಹೋಗುವುದೂ ಅಲ್ಲಿಗೇ.

ಸೋಮವಾರ ಹೋಗಿ ನಾನು ಬರೆದ ಹದಿನಾರು ಸಾಲಿನ ಮೇಲೂ ಅಡ್ಡಗೆರೆ ಎಳೆದೆ. ಉಳಿದ ಹದಿನೈದನ್ನು ಖಾಲಿ ಬಿಟ್ಟು, ಮೀಟರಿಗೆ ಬ್ಯಾಟರಿ ತರಿಸಿದರೆ ದಿನಾ ಅಳೆದು ಬರೆಯುತ್ತೇನೆ ಸಾರ್ ಎಂದು ಸೂಪರ್‌ವೈಸರಿಗೆ ಹೇಳಿದೆ. ಅವರು ಬೈಯಲಿಲ್ಲ. ಮೂರು ಮಕ್ಕಳ ಫೀಸು ಕಟ್ಟುವ ಮನುಷ್ಯ, ಅವರ ಮೇಲೂ ಯಾರೋ ಇದ್ದಾರೆ. ರಿಜಿಸ್ಟರ್ ತೆಗೆದುಕೊಂಡು ಹೋಗಿ ನನ್ನ ಜೊತೆ ಬಂದಿದ್ದ ಹುಡುಗನ ಕೈಗೆ ಕೊಟ್ಟರು. ಅವನು ನನ್ನ ಮುಖ ನೋಡಿದ, ಪೆನ್ನು ಕೇಳಿದ. ನನ್ನ ಪೆನ್ನು ಬ್ಯಾಗಿನಲ್ಲಿದೆ ಅಂದೆ, ತೆಗೆಯಲಿಲ್ಲ. ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ.