ಇಕ್ಕೇರಿಗೆ ಬಂದ ರೋಮಿನ ಯಾತ್ರಿಕ

ಪರದೇಶಕ್ಕೆ ಹೋದವರು ಅಲ್ಲಿನ ದ್ರಾಕ್ಷಿ ತೋಟಗಳನ್ನು ಕಂಡು, ದ್ರಾಕ್ಷಾರಸ ಸಿದ್ಧಪಡಿಸುವ ಬಗೆಯನ್ನು ಅರಿತು, ಊರೂರಿನ ರುಚಿ ಸವಿದು ಬರುವುದು ಇಂದು ರೂಢಿಯಾಗಿದೆ. ಈ ಕುತೂಹಲ ಹೊಸದೇನಲ್ಲ. ನಾಲ್ಕು ಶತಮಾನಗಳ ಹಿಂದೆ ಇಂಥದೇ ಕುತೂಹಲದಿಂದ ದೇಶ ಸುತ್ತಿದ ಕಥೋಲಿಕ ಯಾತ್ರಿಕನೊಬ್ಬ ನಮ್ಮ ಸಾಗರದ ಸಮೀಪದ ಇಕ್ಕೇರಿಗೂ ಬಂದಿದ್ದ. ಆತನೇ ಪಿಯೆತ್ರೊ ದೆಲ್ಲ ವಾಲೆ.

1586ರಲ್ಲಿ ರೋಮಿನ ಗಣ್ಯ ಮನೆತನದಲ್ಲಿ ಜನಿಸಿದ ಪಿಯೆತ್ರೊ, ಪ್ರೇಮಭಂಗದಿಂದ ನೊಂದು, ಪವಿತ್ರ ನಾಡಿನ ಯಾತ್ರೆಯ ಹರಕೆ ಹೊತ್ತು 1614ರಲ್ಲಿ ವೆನಿಸಿನಿಂದ ಹಡಗೇರಿದ. ಕಂಡುಂಡದ್ದನ್ನೆಲ್ಲ ನೇಪಲ್ಸಿನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊಗೆ ಪತ್ರಗಳಲ್ಲಿ ತಿಳಿಸುತ್ತಿದ್ದ. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ತುರ್ಕರು ದ್ರಾಕ್ಷಾರಸದ ಬದಲು ಕಪ್ಪು ಬಣ್ಣದ ಬಿಸಿ ಪಾನೀಯವೊಂದನ್ನು ಗುಟುಕು ಗುಟುಕಾಗಿ ಹೀರುತ್ತ, ಹರಟೆಯಲ್ಲಿ ಇರುಳು ಕಳೆಯುವುದನ್ನು ಕಂಡು ಬೆರಗಾದ. ಅದೇ ಕಾಫಿ. ಹೋಮರನ ಕಾವ್ಯದಲ್ಲಿ ದುಃಖ ಮರೆಸುವ ಮದ್ದೆಂದು ಬರುವ ಪಾನೀಯವು ದ್ರಾಕ್ಷಾರಸದಲ್ಲಿ ಬೆರೆಸಿದ ಕಾಫಿಯೇ ಇರಬಹುದೆಂದು ಊಹಿಸಿದ. ಊರಿಗೆ ಮರಳುವಾಗ ಅದನ್ನು ಒಯ್ದು ಇಟಲಿಯವರಿಗೆ ಪರಿಚಯಿಸಬೇಕೆಂದೂ ಬಯಸಿದ.

ಆದರೆ ದುಃಖ ಮರೆಸುವ ಮದ್ದು ಆತನಿಗೇ ದೊರೆಯಲಿಲ್ಲ. ಯೆರೂಸಲೇಮಿನ ಯಾತ್ರೆ ಮುಗಿಸಿ 1616ರಲ್ಲಿ ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಯುವತಿಯನ್ನು ವರಿಸಿದ. ದಂಪತಿಗಳು ದ್ರಾಕ್ಷಾರಸಕ್ಕೆ ಹೆಸರಾದ ಪರ್ಷಿಯಕ್ಕೆ ತೆರಳಿದರು. ಅಲ್ಲಿ ಷಾ ಅಬ್ಬಾಸನ ಆಸ್ಥಾನದ ಪರಿಚಯವಾಯಿತು. 1621ರ ಕೊನೆಯಲ್ಲಿ ಸಮುದ್ರತೀರದತ್ತ ಪಯಣಿಸುವಾಗ ಮಾನಿ ಜ್ವರದಿಂದ ತೀರಿಕೊಂಡಳು. ಆಕೆಯನ್ನು ಪರನಾಡಿನ ಮಣ್ಣಿಗೆ ಒಪ್ಪಿಸಲು ಪಿಯೆತ್ರೊವಿನ ಮನಸ್ಸು ಒಪ್ಪಲಿಲ್ಲ. ದೇಹ ಕೆಡದಂತೆ ಕರ್ಪೂರ ಮುಂತಾದವುಗಳಿಂದ ಸಂರಕ್ಷಿಸಿ, ಸಾಮಾನುಗಳ ನಡುವೆ ಅಡಗಿಸಿ, ಶವಪೆಟ್ಟಿಗೆಯೊಡನೆ 1623ರಲ್ಲಿ ಭಾರತಕ್ಕೆ ಬಂದ.

ಅದೇ ವರ್ಷ ಗೋವೆಯ ಪೋರ್ತುಗೀಜರು ಕಾಳುಮೆಣಸಿನ ವ್ಯಾಪಾರ ಮುಂತಾದ ವಿಷಯಗಳಿಗಾಗಿ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿಯನ್ನು ಕಳುಹಿಸಿದಾಗ ಪಿಯೆತ್ರೊ ಆತನ ಜತೆಗೂಡಿದ. ಹೊನ್ನಾವರದಿಂದ ಶರಾವತಿಯಲ್ಲಿ ಗೇರುಸೊಪ್ಪೆಗೆ ಬಂದು ಘಟ್ಟವೇರಿದರು. ದಾರಿಯಲ್ಲಿ ದೇವಾಲಯವೊಂದರ ಜಗುಲಿಯಲ್ಲಿ ಬಾಲಕರು ಮರಳಿನ ಮೇಲೆ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಆತ ಕುತೂಹಲದಿಂದ ವೀಕ್ಷಿಸಿದ. ರಾಜಧಾನಿಯು ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ಆಗಿನ್ನೂ ಸ್ಥಳಾಂತರಗೊಂಡಿರಲಿಲ್ಲ. ಇಕ್ಕೇರಿಯಲ್ಲಿ ಅಘೋರೇಶ್ವರ ದೇವಾಲಯವನ್ನೂ ಹೆಣ್ಣುಮಕ್ಕಳ ಕೋಲಾಟವನ್ನೂ ಕಂಡ. ಮಲೆನಾಡಿನಲ್ಲಿ ಅತಿಥಿಯ ಮುಂದಿಡುವುದು ಮಧುಪಾತ್ರೆಯಲ್ಲ, ತಾಂಬೂಲ. ಆತ ಮೆಚ್ಚಿದ್ದ ಕಾಫಿಯೂ ಇಲ್ಲಿರಲಿಲ್ಲ. ಬಾಬಾ ಬುಡನ್ ಅದರ ಬೀಜ ತಂದರೆಂಬ ಐತಿಹ್ಯ ಆ ಶತಮಾನದ ಉತ್ತರಾರ್ಧಕ್ಕೆ ಸೇರಿದ್ದು.

ಇಕ್ಕೇರಿಯಲ್ಲಿ ಆತನ ಮನಸ್ಸನ್ನು ಕಲಕಿದ್ದು ಜಕ್ಕಮ್ಮ ಎಂಬ ತೆಲುಗು ಹೆಣ್ಣುಮಗಳು. ವಾದ್ಯ ನುಡಿಸುತ್ತಿದ್ದ ಪತಿ ತೀರಿಕೊಂಡಿದ್ದ. ಆಕೆ ಸಹಗಮನಕ್ಕೆ ಸಿದ್ಧಳಾಗಿದ್ದಳು. ಪಿಯೆತ್ರೊ ಆಕೆಯ ಮನೆಗೇ ಹೋಗಿ, ಎಳೆಯ ಮಕ್ಕಳನ್ನು ನೆನಪಿಸಿ, ಆ ನಿರ್ಧಾರ ಬಿಡುವಂತೆ ಬಹುವಿಧವಾಗಿ ಬೇಡಿಕೊಂಡ. ಆಕೆ ಕದಲಲಿಲ್ಲ. ಆಕೆಯ ಹೆಸರನ್ನು ತನ್ನ ಬರಹದಲ್ಲಿ ಉಳಿಸುವೆನೆಂದು ಮಾತುಕೊಟ್ಟು ಹಿಂದಿರುಗಿದ.

ಮಡಿದ ಪತ್ನಿಯನ್ನು ಬಿಟ್ಟುಕೊಡಲಾರದವನು, ಮಡಿದ ಪತಿಯನ್ನು ಬಿಟ್ಟುಕೊಡಲಾರದವಳಿಗೆ ಬದುಕೆಂದು ಹೇಳಿದ. ಇಬ್ಬರದೂ ನಿಷ್ಠೆಯೇ. ಆದರೆ ನೆನಪನ್ನು ಹೊತ್ತು ಬದುಕುವುದು ಬೇರೆ, ನೆನಪಿಗೆ ಬದುಕನ್ನೇ ಆಹುತಿ ಕೊಡುವುದು ಬೇರೆ. ಜೀವವು ದೇವರ ವರವೆಂದು ನಂಬುವ ನಾವು ಈ ಭೇದವನ್ನು ಮರೆಯಲಾಗದು.

ಪಿಯೆತ್ರೊ 1626ರಲ್ಲಿ ರೋಮ್ ಸೇರಿದ. ಮರುವರ್ಷ ಅರಾಚೇಲಿಯ ಮಾತೆ ಮರಿಯಳ ದೇವಾಲಯದಲ್ಲಿ ಮಾನಿಯ ಅಂತ್ಯಸಂಸ್ಕಾರ ನೆರವೇರಿಸಿದ. ಮಾನಿ ಸಲಹಿದ್ದ ಜಾರ್ಜಿಯದ ಅನಾಥೆಯನ್ನು ಮುಂದೆ ವಿವಾಹವಾಗಿ ದೊಡ್ಡ ಸಂಸಾರ ಕಟ್ಟಿದ. 1652ರಲ್ಲಿ ನಿಧನಹೊಂದಿದ. ಭಾರತದ ಪತ್ರಗಳು 1663ರಲ್ಲಿ ಪ್ರಕಟವಾದವು. ಜಕ್ಕಮ್ಮನಿಗೆ ಕೊಟ್ಟ ಮಾತು ಉಳಿಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳಿಂದ ಪರದೇಶಕ್ಕೆ ಹೋಗುವ ನಮ್ಮ ಮಕ್ಕಳು ಅಲ್ಲಿನ ದ್ರಾಕ್ಷಾರಸದ ರುಚಿಯನ್ನು ಮಿತವಾಗಿ ನೋಡಿದರೆ ತಪ್ಪೇನೂ ಇಲ್ಲ. ಅದನ್ನು ಬಡಿಸಿದವರ ಹೆಸರನ್ನೂ ಸುಖದುಃಖವನ್ನೂ ಕೇಳಿಕೊಂಡು ಬರಲಿ.