ಡಾ. ಎಂ.ಸಿ. ಮೋದಿ: ದೂರವನ್ನು ಗೆದ್ದ ನೇತ್ರವೈದ್ಯ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಣ್ಣಿನ ಡಾಕ್ಟರೆಂದರೆ ಮೋದಿ ಎನ್ನುವ ಕಾಲವೊಂದಿತ್ತು. ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ ಜನಿಸಿದ್ದು 1916ರಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ. ನಿಧನರಾದದ್ದು 2005ರ ನವೆಂಬರ್‌ನಲ್ಲಿ. ಇಳಿವಯಸ್ಸಿನ ಕುರುಡು ವಿಧಿಲಿಖಿತವಲ್ಲ ಎಂಬುದನ್ನು ಈ ನಾಡಿಗೆ ಮನಗಾಣಿಸಿದವರಲ್ಲಿ ಅವರು ಅಗ್ರಗಣ್ಯರು.

ಗಾಂಧೀಜಿಯವರ ಪ್ರಭಾವಕ್ಕೆ ಒಳಗಾದ ಮೋದಿಯವರು 1943ರಿಂದ ಸಾಮೂಹಿಕ ನೇತ್ರ ಚಿಕಿತ್ಸೆಯ ಹಾದಿ ಹಿಡಿದರು. ಕಣ್ಣಿನ ಪೊರೆ ತೆಗೆಯುವ ವಿದ್ಯೆ ಆಗಲೂ ಇತ್ತು. ಅದು ಪಟ್ಟಣದ ಆಸ್ಪತ್ರೆಗಳ ಒಳಗಿತ್ತು. ಕಣ್ಣು ಕಾಣದ ಮುದುಕನನ್ನು ಕರೆದೊಯ್ಯಲು ಮನೆಯವರೊಬ್ಬರು ಕೂಲಿ ಬಿಡಬೇಕು, ಬಸ್ಸಿನ ದುಡ್ಡು ಹೊಂದಿಸಬೇಕು, ಶಸ್ತ್ರಚಿಕಿತ್ಸೆಯ ಭಯ ನೀಗಬೇಕು. ಮೋದಿಯವರು ಈ ಲೆಕ್ಕವನ್ನೇ ತಿರುವು ಮುರುವು ಮಾಡಿದರು. ರೋಗಿ ಆಸ್ಪತ್ರೆಗೆ ಬರುವ ಬದಲು ಆಸ್ಪತ್ರೆಯೇ ರೋಗಿಯ ಬಳಿಗೆ ಹೊರಟಿತು. ಊರಿನ ಸಾರ್ವಜನಿಕ ಕಟ್ಟಡಗಳು ತಾತ್ಕಾಲಿಕ ಶಸ್ತ್ರಚಿಕಿತ್ಸಾಲಯಗಳಾದವು. ಸಹಾಯಕರು ರೋಗಿಗಳನ್ನು ಸಾಲಾಗಿ ಸಜ್ಜುಗೊಳಿಸುತ್ತಿದ್ದರೆ ಅವರು ಮೇಜಿನಿಂದ ಮೇಜಿಗೆ ಸಾಗುತ್ತಿದ್ದರು.

ಫಲ ಬೆರಗು ಹುಟ್ಟಿಸುವಂಥದು. ಗಿನ್ನೆಸ್ ದಾಖಲೆಯ ಪ್ರಕಾರ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ನಡೆಸಿದ ಅವರು, 1993ರ ಫೆಬ್ರುವರಿಯ ವೇಳೆಗೆ 46,120 ಹಳ್ಳಿಗಳನ್ನು ತಲುಪಿ, ಒಟ್ಟು 6,10,564 ಶಸ್ತ್ರಚಿಕಿತ್ಸೆಗಳನ್ನು ಪೂರೈಸಿದ್ದರು. ಕೇಂದ್ರ ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ನೀಡಿ ಗೌರವಿಸಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಆಸ್ಪತ್ರೆಯಿದೆ.

ಮೋದಿಯವರ ಸಾಧನೆಗೆ ಪೊರೆಯ ಸ್ವಭಾವವೂ ಒದಗಿಬಂದಿತ್ತು. ಪೊರೆ ನಿಧಾನವಾಗಿ ಕವಿಯುತ್ತದೆ. ಶಿಬಿರ ಬರುವವರೆಗೂ ಸಾಮಾನ್ಯವಾಗಿ ಕಾಯುತ್ತದೆ. ಪೊರೆ ಬಲಿಯಲಿ, ಆಮೇಲೆ ತೆಗೆಸೋಣ ಎಂಬ ಮಾತು ನಮ್ಮ ಮನೆಗಳಲ್ಲಿ ಬೇರೂರಿದೆ. ವಯಸ್ಸಾದವರ ಕಣ್ಣು ಮಂಜಾದರೆ ಕಾಯುವುದೇ ರೂಢಿ. ಆದರೆ ಕಾಯದ ಕುರುಡೂ ಒಂದಿದೆ.

ಅದರ ಹೆಸರು ಜೈಂಟ್ ಸೆಲ್ ಆರ್ಟರೈಟಿಸ್. ಐವತ್ತು ದಾಟಿದವರಿಗೆ, ಅದರಲ್ಲೂ ಎಪ್ಪತ್ತರ ಆಸುಪಾಸಿನವರಿಗೆ ಬರುವ ರಕ್ತನಾಳಗಳ ಉರಿಯೂತ. ನಾಳದ ಗೋಡೆ ಊದಿ, ಕಣ್ಣಿನ ನರಕ್ಕೆ ರಕ್ತ ನಿಂತರೆ ದೃಷ್ಟಿ ಹಠಾತ್ತನೆ ಹೋಗುತ್ತದೆ. ಹೋದದ್ದು ಬಹುತೇಕ ಮರಳುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಕೆಲವೇ ದಿನ, ವಾರಗಳಲ್ಲಿ ಇನ್ನೊಂದು ಕಣ್ಣಿಗೂ ಅದೇ ಗತಿ ಬರಬಹುದು. ಹಣೆಯ ಪಕ್ಕದ ನಾಳಗಳು ಊದಿ ನೋಯುವುದರಿಂದ ಟೊಪ್ಪಿಗೆ ಧರಿಸಲಾಗದ ವೃದ್ಧನೊಬ್ಬನನ್ನು ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ 1890ರಲ್ಲೇ ವರ್ಣಿಸಿದ್ದರು. ನಮ್ಮಲ್ಲಿ ಆ ಟೊಪ್ಪಿಗೆಯ ಜಾಗದಲ್ಲಿ ರುಮಾಲು ಇರಬಹುದು.

ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯಂಥ ಊರಿನಲ್ಲಿ ಅಜ್ಜಿಯೊಬ್ಬರಿಗೆ ಇದು ಬಂತೆಂದು ಭಾವಿಸೋಣ. ಹಿಂದೆಂದೂ ಇಲ್ಲದ ತಲೆನೋವಿಗೆ ನೋವಿನ ಮಾತ್ರೆ ನುಂಗುತ್ತಾರೆ. ತಲೆ ಬಾಚಿದರೆ ನೆತ್ತಿ ನೋಯುತ್ತದೆ. ರೊಟ್ಟಿ ಅಗಿಯುವಾಗ ದವಡೆ ಸೋಲುತ್ತದೆ. ಹಲ್ಲಿನ ತೊಂದರೆ ಎನ್ನುತ್ತಾರೆ. ಭುಜ ಬಿಗಿಯುತ್ತದೆ, ವಾಯು ಎನ್ನುತ್ತಾರೆ. ಕಣ್ಣಿಗೆ ಕ್ಷಣಕಾಲ ಕತ್ತಲೆ ಕವಿದರೆ ಪೊರೆ ಎನ್ನುತ್ತಾರೆ. ಬಿಡಿಯಾಗಿ ನೋಡಿದರೆ ಎಲ್ಲವೂ ಮುಪ್ಪಿನ ಸಾಮಾನ್ಯ ದೂರುಗಳೇ. ಒಟ್ಟಿಗೆ ನೋಡಿದಾಗ ಮಾತ್ರ ರೋಗದ ಮುಖ ಕಾಣುತ್ತದೆ. ಉತ್ತರ ಯುರೋಪಿಗಿಂತ ಭಾರತದಲ್ಲಿ ಇದು ವಿರಳವೆಂಬ ತಿಳಿವಳಿಕೆಯಿದೆ. ಆ ವಿರಳತೆಯೇ ಅನುಮಾನ ಮೂಡದಂತೆ ಮಾಡುತ್ತದೆ.

ಅನುಮಾನ ಮೂಡಿದರೆ ಮುಂದಿನ ದಾರಿ ಅಷ್ಟೇನೂ ದುರ್ಗಮವಲ್ಲ. ಇಎಸ್‌ಆರ್, ಸಿಆರ್‌ಪಿ ಸಾಧಾರಣ ರಕ್ತಪರೀಕ್ಷೆಗಳು. ಸಣ್ಣ ಊರುಗಳಲ್ಲೂ ನಡೆಯುವಂಥವು. ಅವು ಕೆಲವೊಮ್ಮೆ ಸಹಜವಾಗಿ ಕಂಡರೂ ಲಕ್ಷಣಗಳನ್ನು ಕಡೆಗಣಿಸಬಾರದು. ಖಚಿತಪಡಿಸಲು ನಾಳದ ಅಲ್ಟ್ರಾಸೌಂಡ್ ಅಥವಾ ಬಯಾಪ್ಸಿ ಬೇಕು. ಆದರೆ ಬಲವಾದ ಅನುಮಾನವಿದ್ದಾಗ ಆ ವರದಿಗೆ ಕಾಯದೆ ಸ್ಟೆರಾಯ್ಡ್ ಆರಂಭಿಸಬೇಕೆಂಬುದು ವೈದ್ಯಲೋಕದ ಒಮ್ಮತ. ಮೊದಲ ಕೆಲವು ದಿನಗಳ ಔಷಧಿಯಿಂದ ಪರೀಕ್ಷೆ ವ್ಯರ್ಥವಾಗುವುದಿಲ್ಲ. ಮಧುಮೇಹಿಗಳಿಗೆ ಎಚ್ಚರಿಕೆ ಅಗತ್ಯವಾದ್ದರಿಂದ ಇದು ವೈದ್ಯರ ಕಣ್ಗಾವಲಿನಲ್ಲೇ ನಡೆಯತಕ್ಕದ್ದು. ಇಂಗ್ಲೆಂಡಿನ ಕೆಲವು ಆಸ್ಪತ್ರೆಗಳು ಇಂಥ ರೋಗಿಗಳನ್ನು ತ್ವರಿತವಾಗಿ ನೋಡುವ ಪ್ರತ್ಯೇಕ ವ್ಯವಸ್ಥೆ ಮಾಡಿ, ದೃಷ್ಟಿನಾಶವನ್ನು ಗಣನೀಯವಾಗಿ ತಗ್ಗಿಸಿವೆ.

ನಮಗೆ ಬೇಕಾದುದು ಅಂಥದೇ ಒಂದು ಸರಪಳಿ. ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಈ ನಾಲ್ಕಾರು ಲಕ್ಷಣಗಳ ಪರಿಚಯವಿರಲಿ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಅದೇ ದಿನ ದೂರವಾಣಿಯಲ್ಲಿ ತಜ್ಞರ ಸಲಹೆ ಸಿಗಲಿ. ಹಲ್ಲಿನ ವೈದ್ಯರು, ಕನ್ನಡಕದ ಅಂಗಡಿಯವರು ಕೂಡ ಎಚ್ಚರದ ಕಾವಲುಗಾರರಾಗಲಿ. ಇದಕ್ಕೆ ದೊಡ್ಡ ಕಟ್ಟಡ ಬೇಡ, ದುಬಾರಿ ಯಂತ್ರವೂ ಮೊದಲ ಹೆಜ್ಜೆಗೆ ಬೇಡ.

ಹಳ್ಳಿಗೂ ಆಸ್ಪತ್ರೆಗೂ ನಡುವಿನ ದೂರವನ್ನು ಅಳಿಸುವುದಕ್ಕೆ ಮೋದಿಯವರು ಇಡೀ ಆಯುಷ್ಯವನ್ನು ಸವೆಸಿದರು. ಲಕ್ಷಣಕ್ಕೂ ಚಿಕಿತ್ಸೆಗೂ ನಡುವಿನ ವಿಳಂಬವನ್ನು ಅಳಿಸುವ ಹೊಣೆ ಈ ತಲೆಮಾರಿನದು.