ಮಿದುಳಿನ ಚಿತ್ರಕಾರ ಕಹಾಲ್

ಮಕ್ಕಳೇ, ಆಟವಾಡುವಾಗ ಬಿದ್ದು ಮೊಣಕಾಲು ತರಚಿದರೆ ಕೆಲವೇ ದಿನಗಳಲ್ಲಿ ಹೊಸ ಚರ್ಮ ಬೆಳೆಯುತ್ತದೆ. ಮುರಿದ ಮೂಳೆಯೂ ಕೂಡಿಕೊಳ್ಳುತ್ತದೆ. ಆದರೆ ಬೆನ್ನುಹುರಿಗೆ ಬಲವಾದ ಪೆಟ್ಟು ಬಿದ್ದ ಕೆಲವರಿಗೆ ಮತ್ತೆ ನಡೆಯಲು ಆಗುವುದೇ ಇಲ್ಲ. ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಯೊಬ್ಬರ ಕಥೆ ಕೇಳಿ.

ಸಾಂತಿಯಾಗೊ ರಾಮೋನ್ ಇ ಕಹಾಲ್ 1852ರ ಮೇ 1ರಂದು ಸ್ಪೇನ್ ದೇಶದ ಒಂದು ಹಳ್ಳಿಯಲ್ಲಿ ಜನಿಸಿದರು. ತಂದೆ ವೈದ್ಯರು. ಬಾಲಕ ಸಾಂತಿಯಾಗೊ ಮಹಾ ತುಂಟ. ತಾನೇ ಮಾಡಿದ ಫಿರಂಗಿಯಿಂದ ನೆರೆಯವರ ಗೇಟು ಒಡೆದು, ಹನ್ನೊಂದನೆಯ ವಯಸ್ಸಿಗೇ ಕೆಲವು ದಿನ ಸೆರೆಮನೆಯಲ್ಲಿದ್ದ! ಅವನಿಗೆ ಚಿತ್ರ ಬರೆಯುವ ಹುಚ್ಚು. ಮಗ ವೈದ್ಯನಾಗಬೇಕೆಂಬುದು ತಂದೆಯ ಹಟ. ಓದಿನಲ್ಲಿ ಮನಸ್ಸಿಡದ ಮಗನನ್ನು ಅವರು ಕ್ಷೌರದ ಅಂಗಡಿಯ ಕೆಲಸಕ್ಕೂ ಹಚ್ಚಿದರು, ಪಾದರಕ್ಷೆ ಹೊಲಿಯುವ ಕೆಲಸಕ್ಕೂ ಹಚ್ಚಿದರು. ಕೊನೆಗೆ ಮನುಷ್ಯರ ಮೂಳೆಗಳನ್ನು ಮುಂದಿಟ್ಟು ಚಿತ್ರ ಬರೆಸಿದರು. ಉಪಾಯ ಫಲಿಸಿತು! 1873ರಲ್ಲಿ ಕಹಾಲ್ ವೈದ್ಯರಾದರು. ಸೇನೆಯ ವೈದ್ಯರಾಗಿ ಕ್ಯೂಬಾಕ್ಕೆ ಹೋಗಿ, ಮಲೇರಿಯಾದಿಂದ ಬಳಲಿ ಹಿಂದಿರುಗಿದರು. ಉಳಿಸಿದ ಸಂಬಳದಲ್ಲಿ ಒಂದು ಸೂಕ್ಷ್ಮದರ್ಶಕ ಕೊಂಡರು.

ಮಿದುಳೆಂದರೆ ಎಳೆಗಳೆಲ್ಲ ಒಂದರೊಳಗೊಂದು ಬೆಸೆದುಕೊಂಡ ಬಲೆ ಎಂದು ಆಗ ಹಲವರು ನಂಬಿದ್ದರು. ಇಟಲಿಯ ಕ್ಯಾಮಿಲೊ ಗಾಲ್ಜಿ ಬೆಳ್ಳಿಯ ಲವಣ ಬಳಸಿ ನರಕೋಶಗಳಿಗೆ ಕಪ್ಪು ಬಣ್ಣ ಕೊಡುವ ವಿಧಾನ ಕಂಡುಹಿಡಿದಿದ್ದರು. ಇದರಲ್ಲಿ ಎಲ್ಲ ಕೋಶಗಳಿಗೂ ಬಣ್ಣ ಹತ್ತುವುದಿಲ್ಲ. ಕೆಲವಕ್ಕೆ ಮಾತ್ರ ಹತ್ತುತ್ತದೆ. ದಟ್ಟ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಮರಕ್ಕೆ ಬಣ್ಣ ಬಳಿದಂತೆ! ಕಹಾಲ್ ಈ ವಿಧಾನವನ್ನು ಸುಧಾರಿಸಿ ಹಕ್ಕಿಗಳ ಮಿದುಳನ್ನು ಪರೀಕ್ಷಿಸಿದರು. ಪ್ರತಿಯೊಂದು ನರಕೋಶವೂ ಬೇರೆಬೇರೆಯಾಗಿಯೇ ಇದೆ ಎಂದು 1888ರಲ್ಲಿ ತಿಳಿಸಿದರು. ಕಂಡದ್ದನ್ನೆಲ್ಲ ತಾವೇ ಚಿತ್ರಿಸಿದರು. ತಂದೆಗೆ ಬೇಡವಾಗಿದ್ದ ಚಿತ್ರಕಲೆ ಈಗ ವಿಜ್ಞಾನಕ್ಕೆ ನೆರವಾಯಿತು. 1906ರಲ್ಲಿ ಗಾಲ್ಜಿ ಮತ್ತು ಕಹಾಲ್ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ತಮಾಷೆಯೆಂದರೆ, ಗಾಲ್ಜಿ ಆಗಲೂ ಬಲೆಯ ವಾದವನ್ನು ಬಿಟ್ಟಿರಲಿಲ್ಲ!

ಕಹಾಲ್ ಅಲ್ಲಿಗೇ ನಿಲ್ಲಲಿಲ್ಲ. ಪೆಟ್ಟಾದ ನರಗಳು ಏನಾಗುತ್ತವೆ ಎಂದು ವರ್ಷಗಟ್ಟಲೆ ನೋಡಿದರು. ಕೈಕಾಲುಗಳ ನರ ತುಂಡಾದರೆ ಎಳೆಗಳು ನಿಧಾನವಾಗಿ ಮತ್ತೆ ಬೆಳೆಯಬಲ್ಲವು. ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಮಾತ್ರ ಎಳೆಗಳು ಚಿಗುರಲು ತೊಡಗಿದರೂ ಬೇಗನೆ ನಿಂತುಬಿಡುತ್ತವೆ. ಇದನ್ನು ಬದಲಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಮುಂದಿನ ವಿಜ್ಞಾನಿಗಳಿಗೆ ಬಿಟ್ಟು, ಅವರು 1934ರ ಅಕ್ಟೋಬರ್ 17ರಂದು ನಿಧನರಾದರು.

ಇಂದಿನ ವಿಜ್ಞಾನಿಗಳು ಅದಕ್ಕೆ ಉತ್ತರ ಹುಡುಕುತ್ತಿರುವ ಒಂದು ದಾರಿ ಆಕರಕೋಶ. ಇದನ್ನು ಸ್ಟೆಮ್ ಸೆಲ್ ಎಂದೂ ಕರೆಯುತ್ತಾರೆ. ಇದು ವಿಭಜನೆಯಾಗುತ್ತಾ ಹೋಗಿ ಬೇರೆ ಬಗೆಯ ಕೋಶಗಳಾಗಬಲ್ಲದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಕೆಲವು ನರಕೋಶಗಳು ಸಾಯುತ್ತವೆ, ಕೈಕಾಲು ನಡುಗುತ್ತವೆ. ಜಪಾನಿನ ಕ್ಯೋಟೊದಲ್ಲಿ ಆಕರಕೋಶಗಳಿಂದ ಬೆಳೆಸಿದ ಕೋಶಗಳನ್ನು 2018ರಿಂದ ಏಳು ರೋಗಿಗಳ ಮಿದುಳಿಗೆ ಸೇರಿಸಿ ನೋಡಿದರು. ಕೆಲವರ ಚಲನೆ ಸುಧಾರಿಸಿತು ಎಂದು 2025ರಲ್ಲಿ ವರದಿಯಾಯಿತು.

ಆದರೆ ನೆನಪಿಡಿ, ಏಳು ಜನರ ಪರೀಕ್ಷೆ ಒಂದು ಆರಂಭ ಮಾತ್ರ. ಎಲ್ಲ ನರರೋಗಗಳಿಗೂ ಮದ್ದು ಸಿಕ್ಕಿತೆಂದು ಯಾರಾದರೂ ಹೇಳಿದರೆ, ಪುರಾವೆ ಎಲ್ಲಿ ಎಂದು ಕೇಳಿ. ಕಹಾಲ್ ಕೂಡ ಕಣ್ಣಾರೆ ಕಂಡದ್ದನ್ನೇ ನಂಬಿದವರು.

ನಿಮಗೂ ಚಿತ್ರ ಬರೆಯುವ ಆಸೆಯಿದೆಯೇ? ಇಂದೇ ಒಂದು ಎಲೆಯನ್ನು ಹತ್ತಿರದಿಂದ ನೋಡಿ, ಅದರ ನರಗಳನ್ನು ಇದ್ದಂತೆಯೇ ಬರೆಯಿರಿ. ನೋಡುವುದನ್ನು ಕಲಿಯಲು ಅದೇ ಮೊದಲ ಪಾಠ.